ಯಾವ ಹಲಗೆಯ ಕಾರ್ಡು?

ಟಪ್.

ಬೆರಳಚ್ಚು ಯಂತ್ರಕ್ಕೆ ಹಾಳೆ ಏರಿಸುತ್ತಿದ್ದವಳ ಕೈ ಅಲ್ಲೇ ನಿಂತಿತು. ಗೋಡೆ ಗಡಿಯಾರದಲ್ಲಿ ರಾತ್ರಿ ಒಂದೂವರೆ. ಸೂಜಿ ಬಿದ್ದರೂ ಕೇಳಿಸುವಂಥ ಮೌನ ಅನ್ನುತ್ತಾರಲ್ಲ, ಅಂಥ ಮೌನದಲ್ಲಿ ನಿಜಕ್ಕೂ ಒಂದು ಸೂಜಿ ಬಿದ್ದಿತ್ತು. ಅದರ ಬೆನ್ನಿಗೇ ಏನೋ ಹಗುರವಾದದ್ದು ನೆಲ ಸವರಿಕೊಂಡು ಹೋದ ಸದ್ದು.

ಅವಳು ಬಗ್ಗಿ ನೋಡಿದಳು. ಫ್ಯಾನಿನ ಗಾಳಿಗೆ ತೇಲಿಬಂದ ಬಿಳಿ ಕಾರ್ಡೊಂದು ಮೇಜಿನ ಕಾಲಿಗೆ ಒರಗಿಕೊಂಡಿತ್ತು. ಎತ್ತಿ ದೀಪಕ್ಕೆ ಹಿಡಿದಳು. ಅವಳದೇ ಕೈಬರಹ: ‘ಪಾಠಶಾಲೆಯ ಭಾಷೆ’.

ನೂರ ನಲವತ್ತೊಂದು ಕಾರ್ಡುಗಳಿದ್ದವು. ಬೀಳುವುದಕ್ಕೆ ಇದೇ ಆಗಬೇಕಿತ್ತೇ?

ಸಂವಿಧಾನ ಸಭೆಯ ಸದಸ್ಯರು ಅವಳನ್ನು ಗುಂಡುಸೂಜಿ ಎಂದು ಕರೆಯುತ್ತಿದ್ದರು. ಸಣಕಲು ಮೈ, ಗುಂಡು ಮುಖ, ಮೂರು ಹೊತ್ತೂ ಕೈಯಲ್ಲಿ ಸೂಜಿಡಬ್ಬಿ. ಹೆಸರು ತಾನಾಗಿ ಬಂದು ಅಂಟಿಕೊಂಡಿತ್ತು. ಹೊಸ ದೇಶದ ಸಂವಿಧಾನ ಬರೆಯಲು ಎಂಟು ರಾಜ್ಯಗಳಿಂದ ಬಂದವರು ಈ ಹಳೆಯ ಕ್ಲಬ್ಬಿನ ಕಟ್ಟಡದಲ್ಲಿ ನಾಲ್ಕು ತಿಂಗಳಿಂದ ಕೂತಿದ್ದರು. ಬೇರೆಲ್ಲ ಬೇಗ ಬೇಗ ಮುಗಿದಿತ್ತು. ಯಾವ ವಿಷಯ ಕೇಂದ್ರ ಸರ್ಕಾರದ್ದು, ಯಾವುದು ರಾಜ್ಯಗಳದ್ದು ಎಂಬಲ್ಲಿಗೆ ಬಂದಾಗ ಮಾತ್ರ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಕೊನೆಗೆ ಅಧ್ಯಕ್ಷರು ಒಂದು ಉಪಾಯ ಮಾಡಿದರು. ಸಭಾಂಗಣದ ಉದ್ದನೆಯ ಗೋಡೆಗೆ ಮೂರು ಹಲಗೆ ನಿಲ್ಲಿಸಿದರು. ಎಡಗಡೆಯದು ಕೇಂದ್ರದ ಹಲಗೆ, ಅಂಗಡಿಯಿಂದ ತಂದ ಹೊಸ ಕಾರ್ಕಿನದು. ಬಲಗಡೆಯದು ರಾಜ್ಯಗಳ ಹಲಗೆ. ಹಳೆಯ ಬಾಗಿಲೊಂದನ್ನು ಬಿಚ್ಚಿ ನಿಲ್ಲಿಸಿದ್ದು. ಮರ ಎಷ್ಟು ಗಟ್ಟಿಯೆಂದರೆ ಸೂಜಿಯನ್ನು ಪೇಪರ್‌ವೇಟಿನಿಂದ ಕುಟ್ಟಬೇಕಿತ್ತು. ನಡುವಿನದು ಜಂಟಿ ಹಲಗೆ. ಅದಕ್ಕೆ ಕ್ಲಬ್ಬಿನ ಬಿಲಿಯರ್ಡ್ಸ್ ಮೇಜಿನ ಹಸಿರು ಬಟ್ಟೆ ಹೊದಿಸಿದ್ದರು. ಒಂದೊಂದು ವಿಷಯಕ್ಕೆ ಒಂದೊಂದು ಕಾರ್ಡು. ಸೈನ್ಯ, ನಾಣ್ಯ, ರೈಲು, ಅಂಚೆ ಎಡಕ್ಕೆ ಹೋದವು. ಪೊಲೀಸು, ಜಮೀನು, ಆಸ್ಪತ್ರೆ, ಸಂತೆ ಬಲಕ್ಕೆ ಹೋದವು. ಇಬ್ಬರೂ ಬಿಡದೆ ಜಗ್ಗಿದ್ದೆಲ್ಲ ನಡುವಿನ ಹಸಿರಿನ ಮೇಲೆ ಕೂತಿತು. ಅಲ್ಲಿದ್ದ ವಿಷಯಕ್ಕೆ ಎರಡು ಸರ್ಕಾರಗಳೂ ಕಾನೂನು ಮಾಡಬಹುದು. ಎರಡು ಕಾನೂನು ಒಂದಕ್ಕೊಂದು ಡಿಕ್ಕಿ ಹೊಡೆದರೆ ಮಾತ್ರ ಕೇಂದ್ರದ್ದು ಮೇಲು.

“ಒಲೆ ಇಬ್ಬರದೂ, ಉಪ್ಪಿನ ಡಬ್ಬಿ ಮಾತ್ರ ಅತ್ತೆಯದು ಅನ್ನೋ ಹಾಗೆ,” ಎಂದಿದ್ದರು ಕುದುರೆ ಡಾಕ್ಟರು. ಬೆಟ್ಟದ ರಾಜ್ಯದ ತಮ್ಮ ಊರಲ್ಲಿ ದನ ಕುದುರೆಗಳಿಗೆ ಮದ್ದು ಕೊಡುತ್ತಿದ್ದ ಅವರು ರಾಜ್ಯಗಳ ಪರವಾಗಿ ಮಾತಾಡುವವರ ಮುಂದಾಳು.

“ಡಬ್ಬಿ ಇಲ್ಲದ ಮನೆಗಿಂತ ಅತ್ತೆ ಇರೋ ಮನೆ ವಾಸಿ ಡಾಕ್ಟರೇ,” ಎಂದು ಉತ್ತರ ಕೊಟ್ಟವರು ಬಂದರಿನ ವಕೀಲರು. ಅವರು ಕೇಂದ್ರದ ಪರ.

ಮೊದಲು ಕಾರ್ಡುಗಳಿಗೆ ಬಣ್ಣಗಳಿದ್ದವು. ಕಾರ್ಡು ಜಾಗ ಬದಲಿಸಿದಾಗಲೆಲ್ಲ “ಬಣ್ಣ ನಮ್ಮದು, ಹಾಗಾಗಿ ವಿಷಯವೂ ನಮ್ಮದು” ಎಂಬ ಕೂಗೆದ್ದಿತು. ಅಧ್ಯಕ್ಷರು ರೋಸಿಹೋಗಿ ಎಲ್ಲವನ್ನೂ ಬಿಳಿ ಮಾಡಿಸಿದರು. ಕಾರ್ಡಿನ ಮೇಲೆ ವಿಷಯ ಬಿಟ್ಟು ಒಂದು ಚುಕ್ಕೆಯೂ ಇರಕೂಡದು. ಯಾವ ಹಲಗೆಯ ಮೇಲಿದೆಯೋ ಅದೇ ತೀರ್ಪು. “ಹಲಗೆಯೇ ಸಾಕ್ಷಿ,” ಎನ್ನುವುದು ಅವರ ಬಾಯಿಮಾತಾಯಿತು. ದಿನದ ಪಟ್ಟಿ ಪತ್ರಿಕೆಗಳಿಗೆ ಸೋರಿಹೋಗಿ ರಂಪವಾದ ಮೇಲೆ, ಹಳೆಯ ಪಟ್ಟಿಗಳನ್ನು ಆಯಾ ರಾತ್ರಿಯೇ ಸುಡುವ ಪದ್ಧತಿಯೂ ಬಂತು. ಹಾಗಾಗಿ ಈ ಕಾರ್ಡು ಎಲ್ಲಿತ್ತು ಎಂದು ಹೇಳುವ ಒಂದೇ ಒಂದು ಹಾಳೆ ಈ ಕಟ್ಟಡದಲ್ಲಿ ಇರಲಿಲ್ಲ. ಆ ಹಾಳೆಯನ್ನೇ ಅವಳು ಈಗ ಬೆರಳಚ್ಚು ಮಾಡಲು ಕೂತಿದ್ದಳು. ಬೆಳಗ್ಗೆ ಎಂಟಕ್ಕೆ ಅದರ ಮೇಲೆ ಕೊನೆಯ ಮತ.

ನಿನ್ನೆ ರಾತ್ರಿ ಹತ್ತೂವರೆಯವರೆಗಿನ ಪ್ರತಿಯೊಂದು ಕಾರ್ಡಿನ ಜಾಗ ಅವಳಿಗೆ ಬಾಯಿಪಾಠ. ಆಗ ಇದು ಯಾವ ಹಲಗೆಯ ಮೇಲೂ ಇರಲಿಲ್ಲ. ಚೌಕಾಸಿಯ ಮೇಜಿನ ಮೇಲೆ ಇತ್ತು. ಅಷ್ಟರಲ್ಲಿ ಅಧ್ಯಕ್ಷರು ಅವಳನ್ನು ಕಾರ್ಬನ್ ಹಾಳೆ ತರಲು ಕೆಳಗಿನ ಕೋಣೆಗೆ ಕಳಿಸಿದರು. ಬೀರುವಿನ ಬೀಗ ತೆರೆಯದೆ ಕಾಲು ಗಂಟೆ ಸತಾಯಿಸಿತು. ಮೇಲೆ ಬರುವಷ್ಟರಲ್ಲಿ ಹದಿನಾಲ್ಕು ಕಾರ್ಡುಗಳು ಕೈಬದಲಾಗಿ, ಎಲ್ಲರೂ ಎದ್ದು ನಿಂತು ಕೈಕುಲುಕುತ್ತಿದ್ದರು. ನಾಲ್ಕು ತಿಂಗಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದವಳು ಬೇಕಾದ ಹದಿನೈದು ನಿಮಿಷ ಬೀಗದ ಜೊತೆ ಜಗಳವಾಡುತ್ತಿದ್ದಳು!

ಈಗ ಮೂರು ಹಲಗೆಗಳಲ್ಲೂ ಅಲ್ಲಲ್ಲಿ ಖಾಲಿ ಜಾಗಗಳಿದ್ದವು. ಯಾವ ಖಾಲಿಯಿಂದ ಇದು ಉದುರಿತು?

“ಏನಮ್ಮಾ ಅದು?” ಬಾಗಿಲ ಬಳಿ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ ಕಾವಲಿನ ತಾತ ಕಣ್ಣುಜ್ಜಿಕೊಂಡ. ರಾತ್ರಿ ಹಲಗೆಗಳಿಗೆ ಅವರಿಬ್ಬರೇ ಕಾವಲು.

“ಕಾರ್ಡು ಬಿದ್ದಿದೆ ತಾತ.”

“ಬಿದ್ದರೆ ಎತ್ತಿ ಚುಚ್ಚು. ಅದಕ್ಯಾಕೆ ಮುಖ ಹೀಗೆ ಬಿಳಿಚ್ಕೊಂಡಿದೆ?”

“ಎಲ್ಲಿಗೆ ಅಂತ ಚುಚ್ಚಲಿ?”

ತಾತನ ನಿದ್ದೆ ಹಾರಿಹೋಯಿತು. “ಅಯ್ಯೋ. ಅಧ್ಯಕ್ಷರನ್ನ ಎಬ್ಬಿಸಿಬಿಡೋಣ.”

“ಬೇಡ, ಬೇಡ!” ಅವಳು ದನಿ ತಗ್ಗಿಸಿದಳು. “ಎಲ್ಲರೂ ಮೇಲೆ ಒಂದೇ ಹಾಲ್‌ನಲ್ಲಿ ಮಲಗಿದ್ದಾರೆ. ಒಬ್ಬರು ಎದ್ದರೆ ಎಪ್ಪತ್ತು ಜನ ಏಳ್ತಾರೆ. ಒಂದು ಕಾರ್ಡಿನ ಬಗ್ಗೆ ಸಂದೇಹ ಬಂದರೂ ಇಡೀ ಪಟ್ಟಿ ಮತ್ತೆ ಮೊದಲಿಂದ ಅಂತ ಅವರೇ ನಿಯಮ ಮಾಡ್ಕೊಂಡಿದ್ದಾರೆ. ಮಧ್ಯಾಹ್ನಕ್ಕೆ ಮೂರು ರಾಜ್ಯದವರು ಹೊರಟುಬಿಡ್ತಾರೆ. ಅವರು ಮತ್ತೆ ಬರ್ತಾರೆ ಅಂತ ಯಾರಿಗೂ ನಂಬಿಕೆ ಇಲ್ಲ.”

“ಹಾಗಾದ್ರೆ ಎಲ್ಲೂ ಚುಚ್ಚಬೇಡ. ಡ್ರಾಯರಲ್ಲಿ ಹಾಕು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.”

“ಯಾವ ಹಲಗೆಯಲ್ಲೂ ಇಲ್ಲದ ವಿಷಯ ತಾನಾಗಿ ಕೇಂದ್ರಕ್ಕೆ ಹೋಗುತ್ತೆ ತಾತ. ಅದೂ ಅವರದೇ ನಿಯಮ. ಸುಮ್ಮನಿದ್ದರೂ ನಾನೇ ತೀರ್ಪು ಕೊಟ್ಟ ಹಾಗಾಯ್ತು.”

ತಾತ ತಲೆ ಕೆರೆದುಕೊಂಡ. “ನಲವತ್ತು ವರ್ಷ ಬಟ್ಟೆ ಹೊಲಿದೆ. ಇಷ್ಟು ಬಿಗಿಯಾದ ಕಾಲರ್ ನೋಡಿಲ್ಲ ನಾನು. ಇರು, ಬಿಸಿನೀರು ತರ್ತೀನಿ. ಬಿಸಿ ಇಳಿದರೆ ಬುದ್ಧಿ ಓಡುತ್ತೆ.” ಫ್ಲಾಸ್ಕು ಹಿಡಿದು ಕೆಳಗಿಳಿದು ಹೋದ.

ಅವಳೊಬ್ಬಳೇ ಉಳಿದಳು. ಒಬ್ಬಳೇ ಉಳಿದ ಕೂಡಲೇ, ಇಷ್ಟು ಹೊತ್ತು ಬಾಗಿಲ ಹಿಂದೆ ನಿಂತಿದ್ದ ಯೋಚನೆ ಒಳಗೆ ಬಂತು.

ಬೆಟ್ಟದ ರಾಜ್ಯದಲ್ಲಿ ಅವಳ ಅಕ್ಕನದೊಂದು ಶಾಲೆಯಿತ್ತು. ಎರಡು ಕೋಣೆ, ನಲವತ್ತಮೂರು ಮಕ್ಕಳು. ಪಾಠವೆಲ್ಲ ಬೆಟ್ಟದ ಮಾತಿನಲ್ಲಿ. ಆ ಮಾತಿನಲ್ಲಿ ಅಚ್ಚಾದ ಪುಸ್ತಕಗಳು ಬೆರಳೆಣಿಕೆಯಷ್ಟು. ಲೆಕ್ಕದ ಪುಸ್ತಕವನ್ನು ಅಕ್ಕ ಕೈಯಲ್ಲೇ ಬರೆದು ಹೊಲಿದಿದ್ದಳು. ಇಡೀ ದೇಶಕ್ಕೆ ಒಂದೇ ಪಾಠದ ಭಾಷೆ ಇರಬೇಕು ಎಂದು ಬಂದರಿನ ವಕೀಲರ ಕಡೆಯವರು ಮೊದಲ ದಿನದಿಂದ ಹೇಳುತ್ತಿದ್ದರು. ವಿಷಯ ಕೇಂದ್ರಕ್ಕೆ ಹೋದರೆ ಒಂದು ವರ್ಷದೊಳಗೆ ಅಕ್ಕನ ಶಾಲೆಗೆ ಬೀಗ. ರಾಜ್ಯಗಳಿಗೆ ಬಂದರೆ ಯಾರೂ ಮುಟ್ಟುವಂತಿಲ್ಲ. “ಏನಾಗುತ್ತೋ ನನಗೆ ಮೊದಲು ಹೇಳ್ಬೇಕು ಕಣೇ,” ಎಂದು ಪ್ರತಿ ಭಾನುವಾರ ಫೋನಿನಲ್ಲಿ ಅಕ್ಕನ ಅಪ್ಪಣೆಯಾಗುತ್ತಿತ್ತು.

ಆ ಶಾಲೆ ಈಗ ಅವಳ ಎರಡು ಬೆರಳುಗಳ ನಡುವೆ ಇತ್ತು.

ಅವಳು ರಾಜ್ಯಗಳ ಹಲಗೆಯ ಮುಂದೆ ಹೋಗಿ ನಿಂತಳು. ಮೂರನೆಯ ಸಾಲಿನಲ್ಲಿ, ‘ಗ್ರಂಥಾಲಯ’ ಮತ್ತು ‘ಆಟದ ಬಯಲು’ಗಳ ನಡುವೆ, ಒಂದು ಕಾರ್ಡಿನಷ್ಟೇ ಖಾಲಿ ಜಾಗ. ಮರದಲ್ಲಿ ಹಳೆಯ ತೂತೂ ಇತ್ತು. ಕಾರ್ಡಿನ ಮೇಲಂಚಿನಲ್ಲಿದ್ದ ತೂತಿಗೆ ಸೂಜಿ ಪೋಣಿಸಿ ಒತ್ತಿದಳು. ಕುಟ್ಟುವುದೂ ಬೇಕಾಗಲಿಲ್ಲ, ಸಲೀಸಾಗಿ ಇಳಿಯಿತು. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದಳು.

ಎಷ್ಟು ಚೆನ್ನಾಗಿ ಕೂತಿತ್ತು! ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ. ಅವಳಿಗೆ ನಗು ಬಂತು. ಬಾಯಿಗೆ ಸೆರಗು ಒತ್ತಿಕೊಂಡಳು. ತಲೆ ಹಗುರವಾಯಿತು, ಕಿವಿ ಬಿಸಿಯಾಯಿತು. ಅಕ್ಕ ಫೋನಿನಲ್ಲಿ ಕಿರುಚುವುದು, ಮಕ್ಕಳು ಬೆಂಚು ಬಡಿಯುವುದು ಎಲ್ಲ ಈಗಲೇ ಕೇಳಿಸಿದಂತಾಯಿತು. ಅವಳು ಮೋಸ ಮಾಡಿದ್ದಳೇ? ಇಲ್ಲವಲ್ಲ. ಅಲ್ಲಿಂದಲೇ ಬಿದ್ದಿರಬಹುದು. ಮೂರರಲ್ಲೊಂದು ಪಾಲು ಸಾಧ್ಯತೆ ಇದ್ದೇ ಇದೆ. ಬಿದ್ದಿಲ್ಲ ಅಂತ ಹೇಳೋರು ಯಾರು?

ಮೆಟ್ಟಿಲ ಮೇಲೆ ತಾತನ ಹೆಜ್ಜೆ ಸಪ್ಪಳ ಕೇಳಿಸಿತು.

ಅವಳು ಓಡಿಹೋಗಿ ಕಾರ್ಡನ್ನು ಕಿತ್ತುಕೊಂಡಳು. ಕಿತ್ತ ಮೇಲೆಯೇ ತಾನೇನು ಮಾಡಿದೆ ಎಂದು ತಿಳಿದದ್ದು. ಸರಿಯಾದ ಜಾಗದಲ್ಲಿ ಚುಚ್ಚಿದ್ದರೆ ಒಬ್ಬ ಮುದುಕನ ಹೆಜ್ಜೆಗೆ ಹೆದರಿ ಯಾಕೆ ಓಡಬೇಕಿತ್ತು? ಕಾರ್ಡನ್ನು ಮೇಜಿನ ಮೇಲಿಟ್ಟು, ದೀಪವನ್ನು ಹತ್ತಿರ ಎಳೆದುಕೊಂಡು ಕೂತಳು.

“ಗೊತ್ತಾಯ್ತಾ?” ತಾತ ಲೋಟಕ್ಕೆ ನೀರು ಬಗ್ಗಿಸಿದ.

“ಇಲ್ಲ. ತಾತ, ನಿಮ್ಮ ಕಣ್ಣು ಹೇಗಿದೆ?”

“ಸೂಜಿಗೆ ದಾರ ಈಗಲೂ ಒಂದೇ ಸಲಕ್ಕೆ ಪೋಣಿಸ್ತೀನಿ. ಯಾಕೆ?”

“ಈ ತೂತುಗಳನ್ನ ನೋಡಿ.”

ಅಧ್ಯಕ್ಷರು ಸಣ್ಣ ಅಕ್ಷರ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿ ಮೇಜಿನ ಮೇಲೇ ಇತ್ತು. ಇಬ್ಬರೂ ತಲೆಗೆ ತಲೆ ತಾಗಿಸಿ ಬಗ್ಗಿದರು. ಕಾರ್ಡಿನ ಮೇಲಂಚಿನಲ್ಲಿ ನಾಲ್ಕು ತೂತು. ಮೊದಲನೆಯದರ ಬಾಯಲ್ಲಿ ಕಂದು ಪುಡಿ.

“ಕಾರ್ಕು,” ಎಂದಳು ಅವಳು. “ಕೇಂದ್ರದ ಹಲಗೆ.”

ಎರಡನೆಯದರ ಸುತ್ತ ಪೇಪರ್‌ವೇಟು ಕುಟ್ಟಿದ ದುಂಡನೆಯ ತಗ್ಗು. “ಇದು ಮರ. ರಾಜ್ಯಗಳದ್ದು.” ಈ ತೂತಿಗೇ ಅವಳು ಈಗಷ್ಟೇ ಸೂಜಿ ಪೋಣಿಸಿದ್ದು. ಆ ಮಾತನ್ನು ನುಂಗಿಕೊಂಡಳು.

ಮೂರನೆಯದರಲ್ಲೂ ನಾಲ್ಕನೆಯದರಲ್ಲೂ ಕೂದಲೆಳೆಯ ಕಾಲು ಭಾಗದಷ್ಟು ಹಸಿರು ದಾರ.

“ಅಯ್ಯೋ, ಮೂರು ಮನೆಯಲ್ಲೂ ಉಂಡು ಬಂದಿದೆ ಇದು!” ಎಂದ ತಾತ.

ಅವಳಿಗೆ ಅಳು ಬರುವಂತಾಯಿತು. ನಾಲ್ಕು ತಿಂಗಳ ಜಗಳದಲ್ಲಿ ಈ ಕಾರ್ಡು ಎಲ್ಲ ಹಲಗೆಗಳನ್ನೂ ಸುತ್ತಿತ್ತು ಎಂಬುದು ಅವಳಿಗೆ ಮೊದಲೇ ಗೊತ್ತಿದ್ದದ್ದು. ತೂತುಗಳು ಹೊಸದೇನನ್ನೂ ಹೇಳಲಿಲ್ಲ. ಕೊನೆಗೆ ಎಲ್ಲಿ ಉಂಡಿತು, ಅದು ಬೇಕು.

ತಾತ ಭೂತಗನ್ನಡಿ ಬಿಡಲಿಲ್ಲ. “ತೂತುಗಳ ಸುತ್ತ ಈ ಕಂದು ಕಲೆ ಎಂಥದು?”

“ಚಹಾ. ನಿನ್ನೆ ರಾತ್ರಿ ಕುದುರೆ ಡಾಕ್ಟರು ಮಾತಿನ ಭರದಲ್ಲಿ ಕೈ ಬೀಸಿದರಲ್ಲ, ಲೋಟ ಮಗುಚಿತು. ಮೇಜಿನ ಮೇಲಿದ್ದ ಕಾರ್ಡುಗಳೆಲ್ಲ ನೆನೆದವು. ನಾನೇ ಮಸಿ ಹೀರುವ ಒತ್ತುಕಾಗದ ಹಾಕಿ ಒರೆಸಿದೆ.”

“ಎಷ್ಟು ಹೊತ್ತಿಗೆ?”

“ಒಂಬತ್ತೂವರೆ.”

“ನೋಡು ಮಗಳೇ.” ತಾತನ ದನಿ ಏರಿತು, ಥಟ್ಟನೆ ಪಿಸುಮಾತಿಗಿಳಿಯಿತು. “ಬಟ್ಟೆಯಲ್ಲೂ ಹೀಗೇ. ಮೊದಲೇ ತೂತಿದ್ದು ಆಮೇಲೆ ಕಲೆ ಬಿದ್ದರೆ, ಹರಿದ ಎಳೆ ಎಲ್ಲಕ್ಕಿಂತ ಜಾಸ್ತಿ ಹೀರುತ್ತೆ. ತೂತಿನ ಸುತ್ತ ಕಪ್ಪಗೆ ಬಳೆ ಹಾಕಿದ ಹಾಗಿರುತ್ತೆ. ಕಲೆ ಒಣಗಿದ ಮೇಲೆ ಚುಚ್ಚಿದ ತೂತಿಗೆ ಆ ಬಳೆ ಇರಲ್ಲ, ಒಳಗಿನ ಬಿಳಿ ಕಾಣುತ್ತೆ. ಇಲ್ಲಿ ಯಾವುದಕ್ಕೆ ಬಳೆ ಇಲ್ಲ, ನೀನೇ ಹೇಳು.”

ಅವಳು ಭೂತಗನ್ನಡಿ ತೆಗೆದುಕೊಂಡು ಬಗ್ಗಿದಳು. ಕಾರ್ಕಿನ ತೂತು: ಸುತ್ತ ಕಪ್ಪು ಬಳೆ. ಮರದ ತೂತು... ಬಳೆ ಇರದಿರಲಿ, ಇರದಿರಲಿ, ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಕಪ್ಪು ಬಳೆ. ಅಳಿಸಿದರೂ ಅಳಿಯದಷ್ಟು ಸ್ಪಷ್ಟ.

ಹಸಿರು ದಾರದ ಎರಡು ತೂತುಗಳಲ್ಲಿ ಒಂದಕ್ಕೆ ಕಪ್ಪು ಬಳೆ; ಇನ್ನೊಂದು ಕಂದು ಕಲೆಯ ನಡುವೆ ಹಾಲುಹಲ್ಲಿನ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು.

“ಜಂಟಿ,” ಎಂದಳು.

“ಜಂಟಿಯೇ!” ತಾತ ತೊಡೆ ತಟ್ಟಿಕೊಂಡ. “ಬಿದ್ದದ್ದೂ ಅದಕ್ಕೇ. ಆ ಬಟ್ಟೆಯ ಹಿಂದೆ ಬರೀ ಟೊಳ್ಳು. ಸೂಜಿಗೆ ಹಿಡಿತ ಎಲ್ಲಿ?”

ಮನಸ್ಸಿನಲ್ಲಿ ಏನೋ ಕುಸಿಯಿತು, ಏನೋ ಎದ್ದು ನಿಂತಿತು. ಅಕ್ಕನ ಶಾಲೆ ಗೆಲ್ಲಲಿಲ್ಲ. ಆದರೆ ಗೊತ್ತಾಯಿತು! ಎಪ್ಪತ್ತು ಜನರ ನಾಲ್ಕು ತಿಂಗಳ ಜಗಳದ ಕೊನೆಯ ಮಾತು ಏನೆಂದು, ಅವರನ್ನು ಎಬ್ಬಿಸದೆ, ಒಂದು ಚಹಾದ ಕಲೆ ಹೇಳಿತು! ಅವಳು ಕುರ್ಚಿ ಹತ್ತಿ, ಹಸಿರು ಬಟ್ಟೆಯ ಹಿಂದಿನ ಮರದ ಪಟ್ಟಿಯನ್ನು ಬೆರಳಲ್ಲಿ ತಡಕಿ ಹುಡುಕಿ, ಈ ಸಲ ಅಲುಗಾಡದ ಹಾಗೆ ಚುಚ್ಚಿದಳು. ಇಳಿದವಳೇ ಯಂತ್ರದ ಮುಂದೆ ಕೂತಳು. ಮೂರು ಪಟ್ಟಿಗಳೂ ಮುಗಿದಾಗ ಕಿಟಕಿಯ ಗಾಜು ಬೆಳ್ಳಗಾಗಿತ್ತು. ಕಾವಲಿನ ತಾತ ಆಗಿನಿಂದಲೂ ಸ್ಟೂಲನ್ನು ಜಂಟಿ ಹಲಗೆಯ ಎದುರಿಗೇ ಹಾಕಿಕೊಂಡು, ಕೋಳಿಮರಿ ಕಾಯುವವನ ಹಾಗೆ ಕೂತಿದ್ದ.

ಎಂಟಕ್ಕೆ ಸರಿಯಾಗಿ ಸಭೆ ತುಂಬಿತು. ದಪ್ಪ ಕನ್ನಡಕದ ಅಧ್ಯಕ್ಷರು ಒಂದೊಂದೇ ವಿಷಯ ಓದುತ್ತಾ ಹೋದರು. ಕೇಂದ್ರದ ಪಟ್ಟಿ ಮುಗಿಯಿತು. ರಾಜ್ಯಗಳದ್ದು ಮುಗಿಯಿತು. ಗೋಡೆ ಪಕ್ಕದ ಬೆಂಚಿನಲ್ಲಿ ಕೂತ ಅವಳು ಸೂಜಿಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಡಬ್ಬಿಯೊಳಗೆ ಸೂಜಿಗಳು ಸಣ್ಣಗೆ ಗಿಲಿಗಿಲಿ ಎನ್ನುತ್ತಿದ್ದವು.

“ಜಂಟಿ ಪಟ್ಟಿ, ಹದಿನೇಳು. ಪಾಠಶಾಲೆಯ ಭಾಷೆ.”

“ತಡೀರಿ.” ಬಂದರಿನ ವಕೀಲರು ಎದ್ದರು. “ಅದು ನಮ್ಮ ಕಡೆ ಇತ್ತಲ್ಲ?”

“ನಿಮ್ಮ ಕನಸಲ್ಲಿ ಇತ್ತು!” ಕುದುರೆ ಡಾಕ್ಟರೂ ಎದ್ದರು. “ಇದ್ದಿದ್ದು ನಮ್ಮ ಕಡೆ. ನಾನೇ ಕುಟ್ಟಿದ್ದೆ, ಹೆಬ್ಬೆರಳು ಇನ್ನೂ ನೋಯ್ತಿದೆ.”

“ನೀವು ಕುಟ್ಟಿದ್ದು ಮೊನ್ನೆ!”

“ನೀವು ಕಿತ್ತಿದ್ದು ಯಾವಾಗ?”

ಕುರ್ಚಿಗಳು ಸರಿದವು. ಮೂರು ಜನ ಎದ್ದರು, ಆಮೇಲೆ ಹತ್ತು ಜನ. ಕಾರ್ಡು ಬಿದ್ದಿತ್ತು ಎಂದು ಈಗ ಎದ್ದು ಹೇಳಬೇಕೇ? ಹೇಳಿದರೆ ಎಲ್ಲ ಮೊದಲಿಂದ. ಹೇಳದಿದ್ದರೆ, ಒಂದು ವೇಳೆ ತಾತನ ಬಳೆಯ ಲೆಕ್ಕ ತಪ್ಪಾಗಿದ್ದರೆ? ಮೊಣಕಾಲು ತಾನಾಗಿ ನೆಟ್ಟಗಾಗತೊಡಗಿತು.

“ಹಲಗೆಯೇ ಸಾಕ್ಷಿ,” ಎಂದರು ಅಧ್ಯಕ್ಷರು. “ಜಂಟಿ ಹಲಗೆಯಲ್ಲಿ ಇದೆ. ಹೇಗೆ ಬಂತು ಅಂತ ಯಾರಿಗಾದರೂ ನೆನಪಿದೆಯಾ?”

ವಕೀಲರು ಹುಬ್ಬು ಗಂಟಿಕ್ಕಿ ಚಾವಣಿ ನೋಡಿದರು. ಐದು ಸೆಕೆಂಡು, ಹತ್ತು ಸೆಕೆಂಡು. ಥಟ್ಟನೆ ಹಣೆ ಚಚ್ಚಿಕೊಂಡರು. “ಹೌದಲ್ಲ! ದೀಪಸ್ತಂಭಗಳು! ಕೊನೆಗೆ ಡಾಕ್ಟರು ಕಡಲ ದೀಪಸ್ತಂಭಗಳನ್ನೆಲ್ಲ ಕೇಂದ್ರಕ್ಕೆ ಬಿಟ್ಟುಕೊಟ್ಟರು, ನಾನು ಇದನ್ನ ನಡುವಿಗೆ ಬಿಟ್ಟೆ. ಅಧ್ಯಕ್ಷರೇ ಚುಚ್ಚಿದ್ದು.”

“ನಾನೇನಾ?” ಎಂದರು ಅಧ್ಯಕ್ಷರು.

ಇಡೀ ಸಭೆ ನಕ್ಕಿತು. ಕುದುರೆ ಡಾಕ್ಟರು ನಗುತ್ತಲೇ, “ನಮ್ಮ ರಾಜ್ಯದಲ್ಲಿ ಸಮುದ್ರವೇ ಇಲ್ಲ. ಇಲ್ಲದ ದೀಪ ಕೊಟ್ಟು ಇರೋ ಭಾಷೆ ಅರ್ಧ ತಗೊಂಡೆ. ಕುದುರೆ ವ್ಯಾಪಾರದಲ್ಲಿ ನನ್ನನ್ನ ಸೋಲಿಸ್ತೀರಾ?” ಎಂದರು. ವಕೀಲರ ಮುಖ ನೋಡುವ ಹಾಗಿತ್ತು.

ಕೈಗಳು ಮೇಲೆದ್ದವು. ಅವಳು ಎಣಿಸಿದಳು, ಅಧ್ಯಕ್ಷರು ಎಣಿಸಿದರು, ಎರಡೂ ಲೆಕ್ಕ ಒಂದೇ ಬಂತು: ಪರವಾಗಿ ಅರವತ್ತಾರು, ವಿರುದ್ಧ ನಾಲ್ಕು. ಒಂದು ದೇಶ ಅವಳ ಕಣ್ಣ ಮುಂದೆ, ಮೂರು ಹಲಗೆಗಳ ಮೇಲೆ, ಎದ್ದು ನಿಂತಿತು. ಯಾರೋ ಮೇಜು ಗುದ್ದಿದರು, ಯಾರೋ ಅಳುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ತಾತ ಅವಳತ್ತ ನೋಡಿ, ತನ್ನ ಮುಂಗೈ ಸುತ್ತ ಬಳೆಯ ಹಾಗೆ ಬೆರಳು ತಿರುಗಿಸಿ ತೋರಿಸಿದ.

ಅವಳು ಕೆಳಗಿನ ಕೋಣೆಗೆ ಓಡಿದಳು. ಫೋನು ಒಂದೇ ಸಲಕ್ಕೆ ಸಿಕ್ಕಿತು.

“ಹೇಳೇ ಬೇಗ! ಕೇಂದ್ರವೋ ರಾಜ್ಯವೋ?” ಅಕ್ಕನಿಗೆ ಹಲೋ ಎನ್ನುವಷ್ಟೂ ವ್ಯವಧಾನವಿರಲಿಲ್ಲ.

“ಜಂಟಿ ಅಕ್ಕ.”

ಹಿನ್ನೆಲೆಯಲ್ಲಿ ಮಕ್ಕಳ ಗದ್ದಲ. ಅವಳು ಕಣ್ಣು ಮುಚ್ಚಿಕೊಂಡು ಕಾದಳು.

“ಅಂದ್ರೆ ನಾವೂ ಕಾನೂನು ಮಾಡ್ಬಹುದು?”

“ಮಾಡ್ಬಹುದು. ಆದ್ರೆ ಆಮೇಲೆ ಅವರದ್ದೊಂದು ಕಾನೂನು ಬಂದು, ನಮ್ಮದಕ್ಕೆ ಅಡ್ಡ ನಿಂತ್ರೆ...”

“ಬರಲಿ ಬಿಡೇ! ಅವರು ಒಂದು ಕಾನೂನಿಗೆ ಸಮಿತಿ ಮಾಡಿ, ಉಪಸಮಿತಿ ಮಾಡಿ, ಚಹಾ ಕುಡಿದು ಮುಗಿಸೋ ಹೊತ್ತಿಗೆ ನನ್ನ ಒಂದನೇ ಕ್ಲಾಸಿನವರಿಗೆ ಮೀಸೆ ಬಂದಿರುತ್ತೆ. ನಾವು ಈ ವರ್ಷವೇ ಮಾಡ್ತೀವಿ. ಇವತ್ತೇ ಅರ್ಜಿ ಬರೀತೀನಿ, ಕುದುರೆ ಡಾಕ್ಟರ ಕೈಗೇ ಕೊಡ್ತೀನಿ. ಹೇಯ್, ಗಲಾಟೆ ಮಾಡ್ಬೇಡ್ರೋ! ಅಲ್ಲ, ಮಾಡ್ರಿ, ಮಾಡ್ರಿ!” ಅಕ್ಕ ಬೆಂಚು ಬಡಿದದ್ದು ಇಲ್ಲಿಯವರೆಗೂ ಕೇಳಿಸಿತು. ಆಮೇಲೆ ಉಸಿರು ತೆಗೆದುಕೊಂಡು, ನಗುನಗುತ್ತಲೇ, “ಆದ್ರೂ ನೀನು ಸರಿಯಾದ ಪೆದ್ದಿ ಕಣೇ. ರಾತ್ರಿಯೆಲ್ಲಾ ಆ ಹಲಗೆಗಳ ಜೊತೆ ಒಬ್ಬಳೇ ಇದ್ದೆ. ಒಂದು ಕಾರ್ಡು ಬಲಗಡೆಗೆ ಸರಿಸೋಕೆ ಆಗ್ಲಿಲ್ವಾ ನಿನ್ನ ಕೈಲಿ?”

ಅಕ್ಕ ಆಡಿದ್ದು ತಮಾಷೆಗೆ. ಆದರೆ ಅವಳ ಕಣ್ಣ ಮುಂದೆ ‘ಗ್ರಂಥಾಲಯ’ ಮತ್ತು ‘ಆಟದ ಬಯಲು’ಗಳ ನಡುವೆ ಆ ಕಾರ್ಡು ಕೂತಿದ್ದ ರೀತಿ ಸುಳಿಯಿತು, ಅಷ್ಟು ಅಂದವಾಗಿ, ಅಷ್ಟು ಸಹಜವಾಗಿ. ಸರಿಸಿದ್ದೆ, ಅಕ್ಕ. ಮತ್ತೆ ಕಿತ್ತೆ. ಇದರಲ್ಲಿ ಮೊದಲನೆಯ ಮಾತು ಕೇಳಿದರೆ ಸಭೆ ಕ್ಷಮಿಸುವುದಿಲ್ಲ, ಎರಡನೆಯದು ಕೇಳಿದರೆ ಅಕ್ಕ ಕ್ಷಮಿಸುವುದಿಲ್ಲ. ಕಾರ್ಡು ಬಿದ್ದದ್ದು ತಾತನಿಗೆ ಗೊತ್ತು. ಆ ಕೆಲವು ನಿಮಿಷಗಳು ತಾತನಿಗೂ ಗೊತ್ತಿಲ್ಲ.

“ಹಲೋ? ಇದ್ದೀಯೇನೇ?”

ಯಾರಿಗೂ ಹೇಳುವುದಿಲ್ಲ ಎಂದು ಅವಳು ಆ ಕ್ಷಣವೇ ನಿಶ್ಚಯಿಸಿದಳು. ಅಕ್ಕನಿಗೂ ಇಲ್ಲ, ಎಂದೆಂದಿಗೂ ಇಲ್ಲ.

“ಎಲ್ಲಿಂದ ಆಗುತ್ತೆ ಅಕ್ಕ,” ಎಂದಳು. “ಆ ಮರ ಎಷ್ಟು ಗಟ್ಟಿ ಅಂತೀಯ!”